ಕಟ್ಟೆಯಡಿಯ ಡಿಶ್‌ವಾಷರ್

ಕಟ್ಟೆಯಡಿಯ ಡಿಶ್‌ವಾಷರ್ ಎಂಬುದು ಅಡುಗೆಮನೆಯ ಕಟ್ಟೆಯ ಕೆಳಗೆ, ಕಪಾಟುಗಳ ಸಾಲಿನಲ್ಲಿಯೇ ಹುದುಗಿಸಿ ಕೂಡಿಸುವ, ಪಾತ್ರೆ ತೊಳೆಯುವ ವಿದ್ಯುತ್ ಯಂತ್ರ. ಬಿಡಿಯಾಗಿ ನಿಲ್ಲಿಸುವ ಯಂತ್ರಕ್ಕೂ ಇದಕ್ಕೂ ಒಳರಚನೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಇದನ್ನು ಒಮ್ಮೆ ಕೂಡಿಸಿದ ಮೇಲೆ ನೀರು, ಚರಂಡಿ ಹಾಗೂ ವಿದ್ಯುತ್ತಿನ ಜೋಡಣೆಗಳು ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಕೂಡಿಸುವಾಗ ಉಳಿದ ಲೋಪ ಎಷ್ಟೋ ದಿನಗಳ ನಂತರ ದೋಷವಾಗಿ ತಲೆದೋರುತ್ತದೆ. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಯರಗುಪ್ಪಿಯಂಥ ಎರೆಭೂಮಿಯ ಹಳ್ಳಿಗಳಲ್ಲಿ ಈ ಯಂತ್ರದ ಬಾಳಿಕೆ ಬಹುಮಟ್ಟಿಗೆ ಮನೆಗೆ ಬರುವ ನೀರಿನ ಗುಣವನ್ನೂ ಒತ್ತಡವನ್ನೂ ಅವಲಂಬಿಸಿರುತ್ತದೆ.

ಹಿನ್ನೆಲೆ

ಅಮೆರಿಕದ ಜೋಯೆಲ್ ಹೌಟನ್ 1850ರಲ್ಲಿ ಕೈಯಿಂದ ತಿರುಗಿಸುವ ಮರದ ಯಂತ್ರವೊಂದಕ್ಕೆ ಪೇಟೆಂಟ್ ಪಡೆದನು. ನೀರಿನ ಒತ್ತಡದಿಂದಲೇ ಪಾತ್ರೆ ತೊಳೆಯುವ ಯಂತ್ರಕ್ಕೆ ಜೋಸೆಫಿನ್ ಕಾಕ್ರೇನ್ ಎಂಬ ಮಹಿಳೆ 1886ರ ಡಿಸೆಂಬರ್ 28ರಂದು ಪೇಟೆಂಟ್ ಪಡೆದು, 1893ರ ಷಿಕಾಗೋ ವಿಶ್ವ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟಳು. ಭಾರತದ ಮನೆಗಳಲ್ಲಿ ಬೂದಿ, ಹುಣಸೆಹಣ್ಣು, ತೆಂಗಿನ ನಾರುಗಳೇ ಬಹುಕಾಲ ಈ ಕೆಲಸಕ್ಕೆ ಒದಗಿದವು. 2020ರ ಲಾಕ್‌ಡೌನ್ ಅವಧಿಯಲ್ಲಿ ಮನೆಗೆಲಸದವರು ಬರಲಾಗದಾದಾಗ ನಗರಗಳಲ್ಲಿ ಯಂತ್ರಕ್ಕೆ ಬೇಡಿಕೆ ಏರಿತು.

ಅಳತೆ ಮತ್ತು ಸ್ಥಳ

ಸಾಮಾನ್ಯ ಮಾದರಿಗಳ ಅಗಲ 60 ಸೆಂ.ಮೀ., ಕಿರಿದಾದವುಗಳ ಅಗಲ 45 ಸೆಂ.ಮೀ. ಎತ್ತರ ಸುಮಾರು 82 ಸೆಂ.ಮೀ. ಇದ್ದು, ಕಾಲುಗಳನ್ನು ತಿರುಗಿಸಿ ಇನ್ನೂ ಕೆಲವು ಸೆಂ.ಮೀ. ಏರಿಸಬಹುದು. ಹಳೆಯ ಮನೆಗಳಲ್ಲಿ ಕಡಪ ಅಥವಾ ಗ್ರಾನೈಟ್ ಕಲ್ಲಿನ ಕಟ್ಟೆಯನ್ನು ಇಟ್ಟಿಗೆಯ ಅಡ್ಡಗೋಡೆಗಳು ಹೊತ್ತಿರುತ್ತವೆ. ಯಂತ್ರಕ್ಕೆ ಜಾಗ ಮಾಡಲು ಇಂಥ ಗೋಡೆಯೊಂದನ್ನು ಒಡೆದರೆ ಕಲ್ಲು ಬಿರುಕು ಬಿಡುವ ಅಪಾಯವಿದೆ. ಬೇರೆ ಆಧಾರ ಕೊಡಲಾಗದಿದ್ದರೆ 45 ಸೆಂ.ಮೀ. ಯಂತ್ರವನ್ನು ಆರಿಸುವುದೇ ಲೇಸು.

ನೀರು ಹರಿದುಹೋಗಲೆಂದು ಅಡುಗೆಮನೆಯ ನೆಲವನ್ನು ಇಳಿಜಾರಾಗಿ ಕಟ್ಟಿರುವುದುಂಟು. ಯಂತ್ರವಾದರೋ ಮಟ್ಟಸವಾಗಿ ನಿಲ್ಲಬೇಕು. ಮುಂದಕ್ಕೆ ಬಾಗಿದರೆ ಬಾಗಿಲಿನ ಕೆಳಗಿನಿಂದ ನೀರು ಒಸರುತ್ತದೆ. ಆದ್ದರಿಂದ ರಸಮಟ್ಟವನ್ನು ಒಳಗಿನ ತಳದ ಮೇಲೆ ಇಟ್ಟು ಎರಡೂ ದಿಕ್ಕಿನಲ್ಲಿ ನೋಡಬೇಕು. ಬಾಗಿಲು ತೆರೆದಾಗ ಯಂತ್ರ ಮುಂದಕ್ಕೆ ವಾಲದಂತೆ ಅದನ್ನು ಬಿಗಿಯುವುದೂ ಅಗತ್ಯ. ಕಲ್ಲಿಗೆ ತಿರುಪು ಹಿಡಿಯದ ಕಾರಣ ಇಲ್ಲಿ ಪಕ್ಕದ ಕಪಾಟುಗಳಿಗೆ ಬಿಗಿಯುತ್ತಾರೆ.

ನೀರಿನ ಒತ್ತಡ

ಯಂತ್ರದ ಒಳಕವಾಟ ತೆರೆದು ನೀರು ತುಂಬಲು ಮಾದರಿಗೆ ತಕ್ಕಂತೆ ಕನಿಷ್ಠ 0.3ರಿಂದ 0.5 ಬಾರ್ ಒತ್ತಡ ಬೇಕು. 10 ಮೀಟರ್ ಎತ್ತರದ ನೀರಿನ ಒತ್ತಡ ಸುಮಾರು 1 ಬಾರ್ ಆಗುತ್ತದೆ. ಒಂದೇ ಅಂತಸ್ತಿನ ಮನೆಯ ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಯಂತ್ರದವರೆಗಿನ ಎತ್ತರ ಮೂರರಿಂದ ನಾಲ್ಕು ಮೀಟರ್ ಮಾತ್ರ. ಕೊಳವೆಯ ತಿರುವುಗಳಲ್ಲಿ ಅದೂ ಕುಗ್ಗುತ್ತದೆ. ಟ್ಯಾಂಕಿನ ಅಡಿಗೆ ಕಟ್ಟೆ ಕಟ್ಟಿ ಎತ್ತರಿಸುವುದು, ಇಲ್ಲವೇ ಒತ್ತಡದ ಪಂಪ್ ಕೂಡಿಸುವುದು ಇದಕ್ಕೆ ಪರಿಹಾರ. ಇದನ್ನು ಯಂತ್ರ ಕೊಳ್ಳುವ ಮೊದಲೇ ಅಳೆದು ನೋಡುವುದು ಉಚಿತ. ಒಳಹರಿವಿನ ರಬ್ಬರ್ ನಳಿಕೆ ಮುಕ್ಕಾಲು ಇಂಚಿನ ತಿರುಪಿನದು. ಅದಕ್ಕೆ ಪ್ರತ್ಯೇಕ ನಳ ಇರಬೇಕು. ಆ ನಳ ಯಂತ್ರದ ಹಿಂಬದಿಯಲ್ಲಿರದೆ ಕೈಗೆಟಕುವಂತೆ ಪಕ್ಕದ ಕಪಾಟಿನಲ್ಲಿರಬೇಕು.

ಗಡಸು ನೀರು ಮತ್ತು ಸವಳು ನೀರು

ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳಿಂದ ನೀರು ಗಡಸಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500 ಪ್ರಕಾರ ಲೀಟರಿಗೆ 200 ಮಿ.ಗ್ರಾಂ. ಗಡಸುತನ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಾಗ 600 ಮಿ.ಗ್ರಾಂ.ವರೆಗೆ ಸಮ್ಮತ. ಯಂತ್ರದ ಕೈಪಿಡಿಗಳು ಇದನ್ನು ಜರ್ಮನ್ ಡಿಗ್ರಿಗಳಲ್ಲಿ ಹೇಳುವುದುಂಟು. ಒಂದು ಡಿಗ್ರಿಗೆ 17.8 ಮಿ.ಗ್ರಾಂ. ಲೆಕ್ಕ.

ಯಂತ್ರದ ತಳದಲ್ಲಿರುವ ರಾಳದ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಸೋಡಿಯಂ ಬಿಟ್ಟುಕೊಟ್ಟು ನೀರನ್ನು ಮೆದುವಾಗಿಸುತ್ತವೆ. ದಣಿದ ಮಣಿಗಳನ್ನು ಮತ್ತೆ ಸಜ್ಜುಗೊಳಿಸಲು ಉಪ್ಪು ಬೇಕು. ಮೊದಲ ಬಾರಿ ಉಪ್ಪಿನ ಕೋಶಕ್ಕೆ ಸುಮಾರು ಒಂದು ಲೀಟರ್ ನೀರು ಸುರಿದು, ಬಳಿಕ ದಪ್ಪ ಹರಳಿನ ಡಿಶ್‌ವಾಷರ್ ಉಪ್ಪನ್ನು ತುಂಬಬೇಕು. ಅಡುಗೆಯ ಪುಡಿ ಉಪ್ಪು ಸಲ್ಲದು. ಅದರ ನುಣುಪು ಕಣಗಳೂ ಗಂಟು ಕಟ್ಟದಂತೆ ಬೆರೆಸಿದ ಪದಾರ್ಥಗಳೂ ಕೋಶದ ದಾರಿಯನ್ನು ಕಟ್ಟಿಬಿಡುತ್ತವೆ. ಉಪ್ಪು ತುಂಬಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಪರೀಕ್ಷಾಪಟ್ಟಿಯಿಂದ ನೀರಿನ ಗಡಸುತನವನ್ನು ತಿಳಿದು ಅದನ್ನು ಯಂತ್ರದಲ್ಲಿ ನಮೂದಿಸಬೇಕು. ಹೆಚ್ಚಿನವರು ಬಿಟ್ಟುಬಿಡುವ ಹಂತವೇ ಇದು.

ಸವಳು ನೀರಿನ ಮಾತು ಬೇರೆ. ಎರೆಭೂಮಿಯ ಅನೇಕ ಕಡೆ ಕೊಳವೆಬಾವಿಯ ನೀರು ಉಪ್ಪುಪ್ಪಾಗಿರುವುದರಿಂದಲೇ ನವಲಗುಂದದಂಥ ಊರುಗಳಲ್ಲಿ ಜನ ಕುಡಿಯಲು ಕೆರೆಯ ನೀರನ್ನು ಆಶ್ರಯಿಸಿದ್ದರು. ರಾಳದ ಮಣಿಗಳು ಗಡಸುತನವನ್ನು ನೀಗಿಸುತ್ತವೆಯೇ ಹೊರತು ಉಪ್ಪಿನಂಶವನ್ನು ತೆಗೆಯಲಾರವು. ಇಂಥ ನೀರಿನ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನ ಮೇಲೂ ಚುಕ್ಕಿ ತುಕ್ಕನ್ನು ಉಂಟುಮಾಡುತ್ತದೆ. ಒಂದು ಸಲದ ತೊಳೆತಕ್ಕೆ ಸಾಮಾನ್ಯವಾಗಿ 9ರಿಂದ 12 ಲೀಟರ್ ಸಾಕಾಗುವುದರಿಂದ, ಕೆರೆ ಅಥವಾ ನದಿ ಮೂಲದ ನಳದ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಸೋಸಿ ಪ್ರತ್ಯೇಕ ಟ್ಯಾಂಕಿನಿಂದ ಯಂತ್ರಕ್ಕೆ ಕೊಡಬಹುದು.

ಚರಂಡಿ ಮತ್ತು ವಿದ್ಯುತ್

ಹೊರಹರಿವಿನ ನಳಿಕೆಯನ್ನು ನೆಲದಿಂದ ಸುಮಾರು 40 ಸೆಂ.ಮೀ.ಗಿಂತ ಮೇಲಕ್ಕೆ ಎತ್ತಿ ಕಟ್ಟಿ, ಅಲ್ಲಿಂದ ಸಿಂಕಿನ ಕೆಳಗಿನ ಬಾಗುಕೊಳವೆಗೆ ಸೇರಿಸಬೇಕು. ನೆಲದ ಮಟ್ಟದಲ್ಲೇ ಬಚ್ಚಲ ಕಿಂಡಿಗೆ ಬಿಟ್ಟರೆ ತುಂಬಿದ ನೀರು ತಾನಾಗಿ ಹೀರಿಕೊಂಡು ಹೊರಹೋಗುತ್ತದೆ. ಯಂತ್ರ ಮತ್ತೆ ಮತ್ತೆ ನೀರು ತುಂಬಿಕೊಳ್ಳುತ್ತದೆ. ಸಿಂಕಿನ ಹೊಸ ಕೊಳವೆಯ ಪಕ್ಕದ ಬಾಯಿಯನ್ನು ಪ್ಲಾಸ್ಟಿಕ್ ಪೊರೆ ಮುಚ್ಚಿರುವುದುಂಟು. ಅದನ್ನು ಕತ್ತರಿಸದೆ ನಳಿಕೆ ಸಿಕ್ಕಿಸಿದರೆ ಮೊದಲ ದಿನವೇ ನೀರು ನಿಂತುಬಿಡುತ್ತದೆ. ಹಳ್ಳಿಯ ಮನೆಗಳಲ್ಲಿ ಇಲಿಗಳು ನಳಿಕೆಯನ್ನು ಕಡಿಯುವುದರಿಂದ ಗೋಡೆಯ ತೂತುಗಳನ್ನು ಮುಚ್ಚುವುದು ಒಳ್ಳೆಯದು.

ಕಾಯಿಸುವ ಸುರುಳಿ ಸುಮಾರು 2000 ವ್ಯಾಟ್ ಎಳೆಯುತ್ತದೆ. ಭೂಸಂಪರ್ಕವಿರುವ 16 ಆಂಪಿಯರ್ ಸಾಕೆಟ್ ಮತ್ತು 30 ಮಿಲಿಆಂಪಿಯರಿನ ಸೋರಿಕೆ ತಡೆ ಸ್ವಿಚ್ ಅವಶ್ಯ. ನೀರು ಮತ್ತು ವಿದ್ಯುತ್ತು ಒಂದೆಡೆ ಸೇರುವಲ್ಲಿ ಭೂಸಂಪರ್ಕವಿಲ್ಲದ ಹಳೆಯ ತಂತಿಯನ್ನು ನಂಬುವುದು ಪ್ರಾಣಕ್ಕೆ ಎರವಾಗಬಹುದು. ತೊಳೆತದ ನಡುವೆ ವಿದ್ಯುತ್ ಹೋದರೆ ಹೆಚ್ಚಿನ ಯಂತ್ರಗಳು ಅದು ಬಂದೊಡನೆ ನಿಂತ ಹಂತದಿಂದಲೇ ಮುಂದುವರಿಯುತ್ತವೆ.

ದೋಷಗಳು ಮತ್ತು ಪರಿಹಾರ

ಯಾವುದನ್ನು ಬಿಚ್ಚುವುದಕ್ಕೂ ಮೊದಲು ಪ್ಲಗ್ ಕಳಚಿ ನಳ ಮುಚ್ಚಬೇಕು.

ಪಾತ್ರೆಗಳ ಮೇಲೆ ಬಿಳಿ ಪೊರೆ ಕಾಣುವುದು ಈ ಭಾಗದ ಅತಿ ಸಾಮಾನ್ಯ ದೂರು. ನಿಂಬೆರಸ ಅಥವಾ ವಿನೆಗರ್ ಸವರಿದಾಗ ಅದು ಹೋದರೆ ಸುಣ್ಣದ ಪೊರೆಯೆಂದು ತಿಳಿಯಬೇಕು. ಉಪ್ಪು ತೀರಿದೆ, ಇಲ್ಲವೇ ಗಡಸುತನದ ಅಂಕಿ ತಪ್ಪಾಗಿದೆ. ಗಾಜಿನ ಮೇಲಿನ ಮಸುಕು ಹೀಗೆ ಹೋಗದಿದ್ದರೆ ಗಾಜೇ ಸವೆದಿರುತ್ತದೆ, ಅದಕ್ಕೆ ಪರಿಹಾರವಿಲ್ಲ.

ನೀರು ತುಂಬದಿದ್ದರೆ ನಳ, ಒತ್ತಡ ಹಾಗೂ ಒಳನಳಿಕೆಯ ತುದಿಯ ಸಣ್ಣ ಜಾಲರಿಯನ್ನು ಕ್ರಮವಾಗಿ ನೋಡಬೇಕು. ಟ್ಯಾಂಕಿನ ಕೆಸರು ಈ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದೆ. ನೀರು ಹೊರಹೋಗದಿದ್ದರೆ ತಳದ ಸೋಸುಬಟ್ಟಲನ್ನು ತೆಗೆದು ತೊಳೆದು, ನಳಿಕೆ ಮಡಿಚಿಕೊಂಡಿದೆಯೇ ಎಂದು ಪರೀಕ್ಷಿಸಬೇಕು. ಕರಿಬೇವಿನ ಕಡ್ಡಿ, ನಿಂಬೆಬೀಜ, ಗಾಜಿನ ಚೂರು ಪಂಪಿನ ಚಕ್ರಕ್ಕೆ ಸಿಕ್ಕಿರುವುದೂ ಉಂಟು.

ಪಾತ್ರೆಯಲ್ಲಿ ಜಿಡ್ಡು ಉಳಿದರೆ ಚಿಮ್ಮುವ ತೋಳುಗಳು ಸರಾಗವಾಗಿ ತಿರುಗುತ್ತವೆಯೇ ಎಂದು ನೋಡಿ, ಅವುಗಳ ರಂಧ್ರಗಳನ್ನು ಕಸಬರಿಗೆಯ ಕಡ್ಡಿಯಿಂದ ಬಿಡಿಸಬೇಕು. ರೊಟ್ಟಿಯ ಹಿಟ್ಟು ನಾದಿದ ಪರಾತ ಒಣಗುವ ಮೊದಲು ನೀರಿನಲ್ಲಿ ನೆನೆಯಬೇಕು. ಕಬ್ಬಿಣದ ಹಂಚು, ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಮತ್ತು ಮರದ ಸಾಮಾನುಗಳನ್ನು ಯಂತ್ರಕ್ಕೆ ಹಾಕಬಾರದು.

ಬಾಗಿಲಿನಿಂದ ನೊರೆ ಉಕ್ಕಿದರೆ ಕೈಯಿಂದ ತೊಳೆಯುವ ಸಾಬೂನು ಬಳಸಿರುವ ಸಂಭವವೇ ಹೆಚ್ಚು. ತಳದ ತಟ್ಟೆಯಲ್ಲಿ ನೀರು ಸೇರಿದರೆ ತೇಲುಗುಂಡು ಮೇಲೆದ್ದು ಯಂತ್ರವನ್ನು ನಿಲ್ಲಿಸುತ್ತದೆ. ಆಗ ಯಂತ್ರವನ್ನು ಓರೆ ಮಾಡಿ ನೀರು ಚೆಲ್ಲಿದರೆ ಅದು ತಾತ್ಕಾಲಿಕವಾಗಿ ನಡೆದೀತು. ಸೋರಿಕೆಯ ಮೂಲ ಹಾಗೆಯೇ ಉಳಿಯುತ್ತದೆ. ನೀರು ಕಾಯತೊಡಗಿದೊಡನೆ ಸೋರಿಕೆ ತಡೆ ಸ್ವಿಚ್ ಬಿದ್ದರೆ ಸುರುಳಿ ಕೆಟ್ಟಿರಬಹುದು; ಅದು ಮನೆಯಲ್ಲಿ ಮಾಡುವ ದುರಸ್ತಿಯಲ್ಲ.

ಹೊರಬಿಟ್ಟ ನೀರು

ಮುಸುರೆ ನೀರನ್ನು ಹಿತ್ತಲಿನ ಬಾಳೆ, ತೆಂಗು, ಕರಿಬೇವಿಗೆ ಹರಿಸುವ ರೂಢಿ ಹಳ್ಳಿಗಳಲ್ಲಿದೆ. ಯಂತ್ರದ ನೀರಿಗೆ ಈ ರೂಢಿ ಹೊಂದದು. ತೊಳೆಯುವ ಪುಡಿ ಕ್ಷಾರೀಯವಾದದ್ದು. ರಾಳದ ಮಣಿಗಳನ್ನು ತೊಳೆದ ನೀರಿನಲ್ಲಿ ಉಪ್ಪೂ ಇರುತ್ತದೆ. ಸೋಡಿಯಂ ಹೆಚ್ಚಾದರೆ ಎರೆಮಣ್ಣಿನ ಜೇಡಿಕಣಗಳು ಚದುರಿ, ನೆಲ ನೀರಿಂಗುವ ಗುಣವನ್ನು ಕಳೆದುಕೊಂಡು, ಒಣಗಿದಾಗ ಗಟ್ಟಿ ಹೆಂಟೆಯಾಗುತ್ತದೆ. ಈ ನೀರನ್ನು ಗಿಡದ ಪಾತಿಗೆ ಬಿಡದೆ ಚರಂಡಿಗೆ ಸೇರಿಸಬೇಕು. ಚರಂಡಿಯಿಲ್ಲದಲ್ಲಿ ಬಾವಿಯಿಂದ ದೂರದ ಇಂಗುಗುಂಡಿಗೆ ಬಿಡಬೇಕು.