ನಾಗಪುರದಿಂದ ಕಾರವಾರಕ್ಕೆ: ವಿಕ್ಟೋರಿಯಾ ಕಾಲದ ಹವ್ಯಾಸಿ ನಿಸರ್ಗವೀಕ್ಷಕರು

ನಾಗಪುರದಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ಹಿಸ್ಲಾಪ್ ಕಾಲೇಜಿನ ಹೆಸರನ್ನು ಕೇಳದವರು ವಿರಳ. ಊರಿನವರು ‘ಅಜಬ್ ಬಂಗಲೆ’ ಎಂದು ಕರೆಯುವ, 1863ರಲ್ಲಿ ಸ್ಥಾಪಿತವಾದ ಸೆಂಟ್ರಲ್ ಮ್ಯೂಸಿಯಮ್ಮಿಗೆ ಮಕ್ಕಳನ್ನು ಒಮ್ಮೆಯಾದರೂ ಕರೆದೊಯ್ಯದ ಮನೆಗಳೂ ಕಡಿಮೆ. ಆದರೆ ಕಾಲೇಜಿಗೆ ಹೆಸರಾದ ಸ್ಟೀಫನ್ ಹಿಸ್ಲಾಪರು ಬಿಡುವಿನ ವೇಳೆಯಲ್ಲಿ ಕಲ್ಲು ಒಡೆಯುತ್ತ ಪಳೆಯುಳಿಕೆಗಳನ್ನು ಅರಸುತ್ತಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹೊಟ್ಟೆಪಾಡಿಗೆ ಒಂದು ಉದ್ಯೋಗ, ಮನಸ್ಸಿನ ತೃಪ್ತಿಗೆ ಹಕ್ಕಿ, ಹುಳು, ಕಲ್ಲು, ಗಿಡ ಎಂದು ಬದುಕಿದವರ ಒಂದು ಪರಂಪರೆಯೇ ಹತ್ತೊಂಬತ್ತನೆಯ ಶತಮಾನದಲ್ಲಿ ಇತ್ತು. ಆ ಪರಂಪರೆಯ ಒಂದು ಎಳೆ ನಮ್ಮ ನಾಗಪುರ ಪ್ರಾಂತವನ್ನೂ ಕನ್ನಡನಾಡಿನ ಕಾರವಾರವನ್ನೂ ಜೋಡಿಸುತ್ತದೆ. ಅದನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಇಂಗ್ಲೆಂಡಿನಲ್ಲಿ ನಿಸರ್ಗವೀಕ್ಷಣೆಯು ಜನಸಾಮಾನ್ಯರ ಹವ್ಯಾಸವಾಗಿ ಬೆಳೆಯಿತು. 1840ರಲ್ಲಿ ಆರಂಭವಾದ ಒಂದು ಪೆನ್ನಿಯ ಅಂಚೆ ಮತ್ತು ಹೊಸ ರೈಲುಮಾರ್ಗಗಳು ದೂರದ ಆಸಕ್ತರನ್ನು ಹತ್ತಿರ ತಂದವು. ಒಂದೂರಿನ ಜೀರುಂಡೆ ಇನ್ನೊಂದೂರಿಗೆ ಅಂಚೆಯಲ್ಲಿ ಹೋಗಿ ತಲಪುತ್ತಿತ್ತು. ಸ್ಕಾಟ್ಲೆಂಡಿನ ಬ್ಯಾನ್ಫ್ ಊರಿನ ಥಾಮಸ್ ಎಡ್ವರ್ಡ್ ವೃತ್ತಿಯಿಂದ ಚಮ್ಮಾರ. ಅಮೆಜಾನ್ ಕಾಡುಗಳ ಕೀಟಗಳಿಂದ ಪ್ರಖ್ಯಾತನಾದ ಹೆನ್ರಿ ಬೇಟ್ಸ್ ಕಾಲುಚೀಲದ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿಯುತ್ತಿದ್ದವನು. ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರಿಗೆ ಹೆಚ್ಚು ಆಪ್ತನಾಗುವವನು ಜಾನ್ ಲಬ್ಬಕ್. ಮನೆತನದ ಬ್ಯಾಂಕನ್ನು ನಡೆಸುತ್ತಿದ್ದ ಈತ ಇರುವೆಗಳನ್ನು ಮನೆಯಲ್ಲಿ ಸಾಕಿ, ಒಂದು ರಾಣಿ ಇರುವೆ ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದನ್ನು ದಾಖಲಿಸಿದನು. 1871ರ ಬ್ಯಾಂಕ್ ರಜಾ ಕಾಯಿದೆಯನ್ನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ತಂದವನೂ ಈತನೇ ಎಂಬುದನ್ನು ರಜೆಯ ದಿನಗಳಲ್ಲಿಯಾದರೂ ನೆನೆಯಬೇಕು.

ಇಂಥ ಹವ್ಯಾಸವನ್ನು ಹೊತ್ತುಕೊಂಡೇ ಅನೇಕ ಆಂಗ್ಲರು ಭಾರತಕ್ಕೆ ಬಂದರು. ಹಿಸ್ಲಾಪರು (1817–1863) ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಪಾದ್ರಿಯಾಗಿ 1845ರಲ್ಲಿ ನಾಗಪುರಕ್ಕೆ ಬಂದು ಮರುವರ್ಷ ಶಾಲೆ ತೆರೆದರು. 1851ರಲ್ಲಿ ನಾಗಪುರದ ಟಾಕಳಿಯಲ್ಲಿ ಅವರಿಗೂ ಸಹೋದ್ಯೋಗಿ ರಾಬರ್ಟ್ ಹಂಟರರಿಗೂ ಸಿಹಿನೀರಿನ ಶಂಖಗಳ ಪಳೆಯುಳಿಕೆಗಳೂ ಶಿಲೆಯಾದ ಕಾಯಿಗಳೂ ದೊರೆತವು. ಲಾವಾರಸದ ಎರಡು ಪದರಗಳ ನಡುವೆ ಸಿಲುಕಿದ ಈ ಜೀವಿಗಳ ಕಾಲ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನದೆಂದು ಇಂದು ತಿಳಿದಿದೆ. 1863ರ ಸೆಪ್ಟೆಂಬರ್ 4ರಂದು ಟಾಕಳಘಾಟಿನ ಪುರಾತನ ಶಿಲಾವೃತ್ತಗಳನ್ನು ನೋಡಿ ಕುದುರೆಯ ಮೇಲೆ ಮರಳುತ್ತಿದ್ದಾಗ ಉಕ್ಕಿದ ಹಳ್ಳದಲ್ಲಿ ಅವರು ಮುಳುಗಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನು ಮಧ್ಯಪ್ರಾಂತದ ಮುಖ್ಯ ಕಮಿಷನರ್ ರಿಚರ್ಡ್ ಟೆಂಪಲ್ 1866ರಲ್ಲಿ ಪ್ರಕಟಿಸಿದರು.

ನಾಗಪುರದಿಂದ ಉತ್ತರಕ್ಕೆ ಸುಮಾರು 130 ಕಿಲೋಮೀಟರ್ ದೂರದ ಸಿವನಿಯಲ್ಲಿ ಕೆಲವು ಕಾಲವಿದ್ದ ರಾಬರ್ಟ್ ಸ್ಟರ್ನ್‌ಡೇಲ್ ಇನ್ನೊಬ್ಬರು. ಸಾತ್ಪುಡಾ ಬೆಟ್ಟಗಳ ಶಿಬಿರ ಜೀವನವನ್ನು ಕುರಿತ ಅವರ ‘ಸಿಯೋನಿ’ 1877ರಲ್ಲಿಯೂ, ಭಾರತದ ಸಸ್ತನಿಗಳ ಬಗೆಗಿನ ಗ್ರಂಥ 1884ರಲ್ಲಿಯೂ ಹೊರಬಂದವು. ಈ ಹೊತ್ತಿಗೆ ಮುಂಬಯಿಯಲ್ಲಿ ಹವ್ಯಾಸಿಗಳ ಕೂಟವೊಂದು ರೂಪುಗೊಂಡಿತ್ತು. 1883ರ ಸೆಪ್ಟೆಂಬರ್ 15ರಂದು ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಅವರಲ್ಲಿ ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ ಇಬ್ಬರು ಭಾರತೀಯರು. ಮರುವರ್ಷ ಸಂಘಕ್ಕೆ ತನ್ನ ಅಂಗಡಿಯಲ್ಲಿ ಜಾಗ ಕೊಟ್ಟ ಫಿಪ್ಸನ್ ಮದ್ಯದ ವ್ಯಾಪಾರಿ. ಸಂಘದ ಪತ್ರಿಕೆಯ ಮೊದಲ ಸಂಚಿಕೆ 1886ರಲ್ಲಿ ಪ್ರಕಟವಾದಾಗ ಸಂಪಾದಕರಾಗಿದ್ದವರು ಇಬ್ಬರು: ಸಾತ್ಪುಡಾ ಕಾಡುಗಳ ಸ್ಟರ್ನ್‌ಡೇಲ್, ಮತ್ತು ಸ್ಥಾಪಕರಲ್ಲೊಬ್ಬರಾದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್. ಏಟ್ಕೆನರ ಹೆಸರಿನೊಂದಿಗೆ ನಾವು ಕನ್ನಡನಾಡನ್ನು ಪ್ರವೇಶಿಸುತ್ತೇವೆ.

1851ರಲ್ಲಿ ಸಾತಾರಾದಲ್ಲಿ ಹುಟ್ಟಿದ ಏಟ್ಕೆನ್ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿ, 1876ರಲ್ಲಿ ಸುಂಕ ಮತ್ತು ಉಪ್ಪಿನ ಇಲಾಖೆಯನ್ನು ಸೇರಿದರು. ‘ಇ.ಹೆಚ್.ಎ.’ ಎಂಬ ಅಕ್ಷರಗಳಡಿ ಅವರು ಬರೆದ ಲಘುಹಾಸ್ಯದ ಪ್ರಬಂಧಗಳು ಬಂಗಲೆಯ ಕಾಗೆ, ಇಲಿ, ಇರುವೆಗಳನ್ನು ಅಜರಾಮರಗೊಳಿಸಿದವು. ಉಪ್ಪಿನ ಅಧಿಕಾರಿಗೆ ಕಡಲತೀರದ ಸಂಚಾರ ಅನಿವಾರ್ಯ. ಹೀಗೆ ಅವರು ಉತ್ತರ ಕನ್ನಡಕ್ಕೆ ಬಂದರು. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಗಿದ್ದ ಆ ಜಿಲ್ಲೆಯ ಕಾಡುಗಳು 1894ರ ಅವರ ‘ಎ ನ್ಯಾಚುರಲಿಸ್ಟ್ ಆನ್ ದ ಪ್ರೌಲ್’ ಕೃತಿಯ ತುಂಬ ಇವೆ.

ಕಾರವಾರದಲ್ಲಿ ಅವರಿಗೆ ಇಬ್ಬರು ಸಂಗಡಿಗರು ದೊರೆತರು. ಒಬ್ಬರು ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್, ಇನ್ನೊಬ್ಬರು ಅರಣ್ಯಾಧಿಕಾರಿ ಥಾಮಸ್ ರೀಡ್ ಬೆಲ್. ಅಂದಿನ ಚಿಟ್ಟೆ ಸಂಗ್ರಾಹಕರು ಸಾಮಾನ್ಯವಾಗಿ ಬಲೆ ಬೀಸಿ ಹಿಡಿದು, ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿಡುತ್ತಿದ್ದರು. ಕಾರವಾರದ ಮೂವರು ಹಿಡಿದದ್ದು ಬೇರೆ ದಾರಿ. ಯಾವ ಚಿಟ್ಟೆ ಯಾವ ಗಿಡದ ಮೇಲೆ ಮೊಟ್ಟೆಯಿಡುತ್ತದೆ, ಅದರ ಕಂಬಳಿಹುಳು ಏನನ್ನು ತಿನ್ನುತ್ತದೆ, ಎಷ್ಟು ಬಾರಿ ಪೊರೆ ಕಳಚುತ್ತದೆ, ಕೋಶ ಹೇಗೆ ತೂಗುತ್ತದೆ ಎಂದು ಅವರು ಸಾಕಿ ನೋಡಿ ಬರೆದರು. ನಮ್ಮ ಹಿತ್ತಲಿನ ಉದಾಹರಣೆಯನ್ನೇ ಹೇಳುವುದಾದರೆ, ಲಿಂಬೆ ಮತ್ತು ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುವೇ ಮುಂದೆ ಹಸಿರಾಗಿ, ಕೊನೆಗೆ ಲಿಂಬೆ ಚಿಟ್ಟೆಯಾಗುತ್ತದೆ. ಇದನ್ನು ತಿಳಿಯಲು ಬಲೆ ಸಾಲದು. ದಿನವೂ ಎಲೆ ಒದಗಿಸುವ ತಾಳ್ಮೆ ಬೇಕು. ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತ ಮೂವರ ಸುದೀರ್ಘ ಲೇಖನಮಾಲೆ 1896ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಬಂದಿತು. ಡೇವಿಡ್‌ಸನ್ ಜಿಲ್ಲೆಯ ಹಕ್ಕಿಗಳ ಬಗ್ಗೆಯೂ ಬರೆದರು. ಅವರಿಬ್ಬರೂ ನಿವೃತ್ತರಾಗಿ ಎಡಿನ್‌ಬರೊಗೆ ಹೋದರೆ, ಬೆಲ್ ಮಾತ್ರ ಕಾರವಾರವನ್ನು ಬಿಡಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಅಲ್ಲಿಯೇ ಇದ್ದು, 1948ರ ಜೂನಿನಲ್ಲಿ ಅಲ್ಲಿಯೇ ತೀರಿಕೊಂಡರು.

ಇವರಲ್ಲಿ ಹಲವರು ವಸಾಹತು ಸರಕಾರದ ಅಧಿಕಾರಿಗಳಾಗಿದ್ದರು ಎಂಬುದನ್ನು ಮರೆಯಲಾಗದು. ಅಂದು ಹಕ್ಕಿಯನ್ನು ನೋಡುವುದೆಂದರೆ ಬಹುಮಟ್ಟಿಗೆ ಅದನ್ನು ಹೊಡೆಯುವುದೇ ಆಗಿತ್ತು. ದಾರಿ ತೋರಿದ ಗೊಂಡರ, ಭಿಲ್ಲರ, ಹಕ್ಕಿಯ ಚರ್ಮ ಸುಲಿದು ಹತ್ತಿ ತುಂಬಿದ ಆಳುಗಳ ಹೆಸರುಗಳು ಸಂಗ್ರಹದ ಚೀಟಿಗಳಲ್ಲಿ ಕಾಣಸಿಗುವುದು ಅಪರೂಪ. ಆದರೂ ಆ ಚೀಟಿಗಳಿಗೆ ಬೆಲೆ ಉಂಟು. ಎಲ್ಲಿ, ಯಾವಾಗ, ಯಾರು ಎಂಬ ಮೂರು ನಮೂದುಗಳು ಸರಿಯಾಗಿದ್ದರೆ ಎಷ್ಟು ಉಪಯೋಗ, ಸುಳ್ಳಾಗಿದ್ದರೆ ಎಂಥ ಅನರ್ಥ ಎಂಬುದಕ್ಕೆ ನಮ್ಮ ಮಧ್ಯಪ್ರಾಂತದ ಒಂದು ಪುಟ್ಟ ಗೂಬೆಯೇ ಸಾಕ್ಷಿ.

ನಮ್ಮೂರುಗಳ ಬುಡುಬುಡಿಕೆಯವರು ಶಕುನ ಹೇಳುವಾಗ ನೆನೆಯುವ ಹಾಲಕ್ಕಿ ಎಲ್ಲರಿಗೂ ಗೊತ್ತು. ಅದರ ಹತ್ತಿರದ ಸಂಬಂಧಿ, ಇಂಗ್ಲಿಷಿನಲ್ಲಿ ‘ಫಾರೆಸ್ಟ್ ಔಲೆಟ್’ ಎನ್ನುವ ಕಾಡುಗೂಬೆ. 1872ರ ಡಿಸೆಂಬರಿನಲ್ಲಿ ಎಫ್. ಆರ್. ಬ್ಲೂಯಿಟ್ ಎಂಬ ಅಧಿಕಾರಿ ಇಂದಿನ ಛತ್ತೀಸಗಢದ ಬಸ್ನಾ–ಫುಲ್‌ಝರ್ ಪ್ರದೇಶದಲ್ಲಿ ಇದನ್ನು ಸಂಗ್ರಹಿಸಿದರು. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬರೆಂದು ಹೆಸರಾದ ಎ. ಒ. ಹ್ಯೂಮ್ 1873ರಲ್ಲಿ ಇದಕ್ಕೆ ಬ್ಲೂಯಿಟ್‌ರ ಹೆಸರನ್ನಿಟ್ಟರು. ಆ ಬಳಿಕ ಇದನ್ನು ಹೆಚ್ಚಾಗಿ ಸಂಗ್ರಹಿಸಿದವರು ನಮ್ಮ ಕಾರವಾರದ ಕಲೆಕ್ಟರ್ ಡೇವಿಡ್‌ಸನ್ನರೇ. ಕಾರವಾರಕ್ಕೆ ಬರುವ ಮುನ್ನ ಪಶ್ಚಿಮ ಖಾನದೇಶದಲ್ಲಿದ್ದಾಗ, 1880ರಿಂದ 1884ರ ನಡುವೆ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಹಕ್ಕಿ ಯಾರಿಗೂ ಖಚಿತವಾಗಿ ಕಾಣಸಿಗಲಿಲ್ಲ. ನಶಿಸಿತೆಂದೇ ಅನೇಕರು ಭಾವಿಸಿದರು.

ಗೊಂದಲಕ್ಕೆ ಒಂದು ಕಾರಣ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್. 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ತಾನೊಂದು ಕಾಡುಗೂಬೆಯನ್ನು ಹೊಡೆದೆನೆಂದು ಈತ ಚೀಟಿ ಬರೆದಿಟ್ಟಿದ್ದನು. ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್‌ಮುಸೆನ್ ಆ ಮಾದರಿಯನ್ನು ಕ್ಷಕಿರಣದಿಂದ ಪರೀಕ್ಷಿಸಿದಾಗ, ಹಳೆಯ ಹಕ್ಕಿಯನ್ನು ಬಿಚ್ಚಿ ಹೊಸದಾಗಿ ತುಂಬಿದ್ದು ಬಯಲಾಯಿತು. ಅದು ಡೇವಿಡ್‌ಸನ್ 1880ರ ದಶಕದಲ್ಲಿ ಸಿದ್ಧಪಡಿಸಿದ್ದ ಹಕ್ಕಿ. ವಸ್ತುಸಂಗ್ರಹಾಲಯದಿಂದ ಕದ್ದು ಸುಳ್ಳು ಚೀಟಿ ಕಟ್ಟಲಾಗಿತ್ತು. ಲೆಕ್ಕದ ಪುಸ್ತಕದಲ್ಲಿ ಒಂದು ಸುಳ್ಳು ನಮೂದು ಎಷ್ಟು ಪುಟಗಳನ್ನು ಕೆಡಿಸುತ್ತದೆಂದು ಬಲ್ಲ ನಮಗೆ ಈ ಪ್ರಸಂಗ ಕೇವಲ ಕುತೂಹಲದ್ದಲ್ಲ. ಮಾಂಡವಿಯನ್ನು ಬದಿಗಿಟ್ಟು, ರಾಸ್‌ಮುಸೆನ್, ಬೆನ್ ಕಿಂಗ್ ಮತ್ತು ಡೇವಿಡ್ ಅಬಟ್ ಪ್ರಾಮಾಣಿಕ ಚೀಟಿಗಳಲ್ಲಿದ್ದ ಸ್ಥಳಗಳತ್ತ ಹೊರಟರು. ಪೂರ್ವದ ತಾಣಗಳಲ್ಲಿ ಏನೂ ಸಿಗಲಿಲ್ಲ. ಬಳಿಕ ಡೇವಿಡ್‌ಸನ್ನರ ಖಾನದೇಶಕ್ಕೆ ಬಂದರು. 1997ರ ನವೆಂಬರ್ 25ರಂದು ಶಹಾದಾ ಊರಿನ ಬಳಿಯ ಸಾತ್ಪುಡಾ ತಪ್ಪಲಿನಲ್ಲಿ, ಬೋಳು ಮರವೊಂದರ ಮೇಲೆ, ಹಾಡಹಗಲಿನಲ್ಲಿ ಗೂಬೆ ಕುಳಿತಿತ್ತು.

ಅನಂತರ ಅಮರಾವತಿ ಜಿಲ್ಲೆಯ ಮೇಳಘಾಟದಲ್ಲಿ, ಮಧ್ಯಪ್ರದೇಶದ ಖಂಡವಾ ಭಾಗದಲ್ಲಿ, 2014ರಲ್ಲಿ ಮುಂಬಯಿ ಸಮೀಪದ ತಾನಸಾದಲ್ಲಿಯೂ ಇದು ಕಂಡುಬಂದಿತು. 2018ರಲ್ಲಿ ಇದನ್ನು ‘ತೀವ್ರ ಅಪಾಯದಲ್ಲಿರುವ’ ವರ್ಗದಿಂದ ‘ಅಪಾಯದಲ್ಲಿರುವ’ ವರ್ಗಕ್ಕೆ ಇಳಿಸಲಾಯಿತು. ಮೇಳಘಾಟಕ್ಕೆ ಹೋಗುವ ನಮ್ಮ ಸದಸ್ಯರು ಗಮನಿಸಬೇಕಾದ ಗುರುತುಗಳು ಇವು: ಹಾಲಕ್ಕಿಯ ನೆತ್ತಿಯ ಮೇಲೆ ಬಿಳಿ ಚುಕ್ಕೆಗಳು ಸ್ಪಷ್ಟ, ಕಾಡುಗೂಬೆಯ ನೆತ್ತಿಯಲ್ಲಿ ಅವು ಮಸುಕು, ಬಾಲದ ಬಿಳಿ ಪಟ್ಟೆಗಳು ಅಗಲ, ಹಗಲಿನಲ್ಲಿಯೇ ಬೇಟೆಯಾಡುವುದು ಇದರ ರೂಢಿ. ಕಂಡರೆ ದಿನಾಂಕ, ವೇಳೆ, ಸ್ಥಳಗಳನ್ನು ಅಲ್ಲಿಯೇ ಬರೆದಿಟ್ಟುಕೊಳ್ಳುವುದು ಒಳಿತು.