ಪ್ರಕೃತಿ, ತಬ್ಯೇತಿ, ಮಿಜಾಸು: ಸೊಲ್ಲಾಪುರದ ಮನೆಮಾತಿನಲ್ಲಿ ಮನುಷ್ಯ ಸ್ವಭಾವದ ಶಾಸ್ತ್ರ

ನನ್ನ ಪ್ರಬಂಧ ಗ್ರಂಥದಿಂದ ಅಲ್ಲ, ಬೀದಿಯಿಂದ ಶುರುವಾಗ್ತದೆ. ಸೊಲ್ಲಾಪುರದ ನವಿ ಪೇಠದಲ್ಲಿ ಕನ್ನಡ ಮಾತಾಡೋ ಇಬ್ಬರು ಹಿರಿಯರು ಎದುರಾದರೆ "ಪ್ರಕೃತಿ ಹೆಂಗದರಿ?" ಅಂತ ಕೇಳ್ತಾರೆ. ಸಲಿಗೆ ಇದ್ದರೆ "ತಬ್ಯೇತಿ ಹೆಂಗದ?" ಅಂತಾರೆ. ಯಾರಾದರೂ ಮಾತಾಡಿಸದೆ ಮುಂದೆ ಹೋದರೆ ಬೆನ್ನ ಹಿಂದೆ "ಅವಂದು ಮಿಜಾಸ ಭಾಳ ಆಗೇದ" ಅಂತ ಒಂದು ಮಾತು ಬೀಳ್ತದೆ. ಈ ಮೂರೂ ಪದಗಳು ಒಂದು ಕಾಲಕ್ಕೆ ವೈದ್ಯರ ಪಾರಿಭಾಷಿಕ ಪದಗಳು. ಮೂರರ ಅರ್ಥವೂ ಮನುಷ್ಯನ ಹುಟ್ಟುಗುಣಕ್ಕೆ ಸಂಬಂಧಿಸಿದ್ದು. ಅವು ನಮ್ಮ ಬಾಯಿಗೆ ಹೇಗೆ ಬಂದವು, ಬರುವಾಗ ಏನು ಕಳೆದುಕೊಂಡವು ಅನ್ನೋದೇ ಇವತ್ತಿನ ವಿಷಯ.

ಮೊದಲು ಪ್ರಕೃತಿ. ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಅಂತ ಮೂರು ದೋಷಗಳು. ಇವುಗಳ ಹೆಚ್ಚು ಕಡಿಮೆಯಿಂದ ಏಳು ಪ್ರಕೃತಿಗಳನ್ನು ಹೇಳ್ತಾರೆ: ಒಂದೊಂದೇ ದೋಷ ಮೇಲಾದವು ಮೂರು, ಎರಡೆರಡು ಕೂಡಿದವು ಮೂರು, ಎಲ್ಲ ಸಮನಾಗಿರುವುದು ಒಂದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಇವುಗಳ ಲಕ್ಷಣ ಬರ್ತದೆ. ವಾತದವರು ಚುರುಕು, ಮಾತು ಹೆಚ್ಚು, ನಿದ್ದೆ ಕಡಿಮೆ. ಪಿತ್ತದವರಿಗೆ ಸೆಕೆ ತಡೆಯೋದಿಲ್ಲ, ಹಸಿವು ಜಾಸ್ತಿ, ಕೂದಲು ಬೇಗ ನೆರೆಯುತ್ತೆ, ಸಿಟ್ಟೂ ಬೇಗ. ಕಫದವರು ನಿಧಾನ, ಗಟ್ಟಿ, ಸಮಾಧಾನಿಗಳು. ಮನಸ್ಸಿನ ವಿಂಗಡಣೆ ಬೇರೆಯೇ ಇದೆ. ಶಾರೀರಸ್ಥಾನದಲ್ಲಿ ಸಾತ್ವಿಕ ಏಳು, ರಾಜಸ ಆರು, ತಾಮಸ ಮೂರು, ಒಟ್ಟು 16 ಬಗೆಯ ಮನಸ್ಸುಗಳನ್ನು ಹೇಳಿದೆ. ಅಂದರೆ ಮೈಯ ಲೆಕ್ಕ ಒಂದು, ಮನಸ್ಸಿನ ಲೆಕ್ಕ ಇನ್ನೊಂದು. ನಾವು ಮನೆಯಲ್ಲಿ ಎರಡನ್ನೂ ಕಲಸಿ "ಅಕಿ ಪಿತ್ತಿನಾಕಿ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ.

ಇಲ್ಲಿ ಎರಡು ಅಂಶ ಗಮನಿಸಬೇಕು. ಒಂದು, ಪ್ರಕೃತಿ ಗರ್ಭದಲ್ಲೇ ನಿಂತುಬಿಡ್ತದೆ, ಆಮೇಲೆ ಬದಲಾಗೋದಿಲ್ಲ ಅನ್ನೋದು ಶಾಸ್ತ್ರದ ಮಾತು. ಬದಲಾಗೋದು ವಿಕೃತಿ, ಅಂದರೆ ರೋಗ. ಎರಡು, ಒಂದೇ ದೋಷ ಮೇಲಾದ ಪ್ರಕೃತಿಯವರನ್ನು ಚರಕ ಯಾವಾಗಲೂ ರೋಗದ ಅಂಚಿನಲ್ಲಿ ಇರುವವರು ಅಂತ ಎಣಿಸ್ತಾನೆ. ಆರೋಗ್ಯವಂತರು ಸಮಪ್ರಕೃತಿಯವರು ಮಾತ್ರ. ಹಾಗಾಗಿ ಪ್ರಕೃತಿ ಅನ್ನೋದು ಹೊಗಳಿಕೆಯ ಹಣೆಪಟ್ಟಿಯೂ ಅಲ್ಲ, ಬೈಗುಳವೂ ಅಲ್ಲ. ಈ ಮನುಷ್ಯನಿಗೆ ಯಾವ ಕಡೆಯಿಂದ ತೊಂದರೆ ಬರಬಹುದು ಅಂತ ವೈದ್ಯ ಮಾಡಿಕೊಳ್ಳುವ ಗುರುತು ಅಷ್ಟೇ.

ಈ ಜ್ಞಾನ ಸಂಸ್ಕೃತದಲ್ಲೇ ಉಳಿಯಲಿಲ್ಲ. ಎರಡನೇ ಚಾವುಂಡರಾಯನ ಲೋಕೋಪಕಾರ ಸುಮಾರು 1025ರದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಅಡುಗೆ, ಬೇಸಾಯ, ಸುಗಂಧ, ವೈದ್ಯ ಎಲ್ಲವನ್ನೂ ಸಂಸಾರಸ್ಥರಿಗೆ ಕನ್ನಡದಲ್ಲಿ ಕೊಟ್ಟ ಗ್ರಂಥ ಅದು. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಕೀರ್ತಿವರ್ಮ ದನಗಳಿಗಾಗಿ ಗೋವೈದ್ಯ ಬರೆದ. ಸೊಲ್ಲಾಪುರ ಸೀಮೆ ಆಗ ಇದೇ ಚಾಲುಕ್ಯ ರಾಜ್ಯದೊಳಗಿನ ಸೊನ್ನಲಿಗೆ. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ನಾವು ಇಂಥವನ್ನು "ಶಾಸ್ತ್ರಗ್ರಂಥಗಳು" ಅಂತ ಒಂದು ಪುಟದಲ್ಲಿ ಮುಗಿಸ್ತೀವಿ. ನಮ್ಮ ಆಡುಮಾತಿನ ಅರ್ಧ ಪದಕೋಶದ ಬೇರು ಆ ಪುಟದಲ್ಲೇ ಇದೆ ಅನ್ನಿಸ್ತದೆ.

ಈಗ ತಬ್ಯೇತಿ ಮತ್ತು ಮಿಜಾಸು. ಗ್ರೀಕರಲ್ಲಿ ರಸಗಳು ನಾಲ್ಕು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಹಿಪಾಕ್ರಟಿಸ್‌ನ ಪರಂಪರೆಯಿಂದ ಬಂದ ಈ ವಿಚಾರವನ್ನು 2ನೇ ಶತಮಾನದ ಗೇಲನ್ ಸ್ವಭಾವದ ಶಾಸ್ತ್ರವಾಗಿ ಬೆಳೆಸಿದ. ರಕ್ತ ಹೆಚ್ಚಿದವರು ಉಲ್ಲಾಸಿಗಳು, ಕಫದವರು ನಿಧಾನಿಗಳು, ಹಳದಿ ಪಿತ್ತದವರು ಸಿಡುಕರು, ಕಪ್ಪು ಪಿತ್ತದವರು ಚಿಂತೆಯವರು. ಅರಬರು ಇದನ್ನು ಕಲಿತು ಯುನಾನಿ ಅಂತ ಕರೆದರು. ಇಬ್ನ್ ಸೀನಾನ ದೊಡ್ಡ ವೈದ್ಯಗ್ರಂಥ ಮುಗಿದದ್ದೂ ಲೋಕೋಪಕಾರದ ಹೊತ್ತಿನಲ್ಲೇ, 1025ರ ಸುಮಾರಿಗೆ. ಅರಬ್ಬಿಯಲ್ಲಿ ಮಿಜಾಜ್ ಅಂದರೆ ಬೆರಕೆ, ಅಂದರೆ ಬಿಸಿ, ತಂಪು, ಒಣ, ಹಸಿ ಗುಣಗಳ ಹದ. ತಬೀಅತ್ ಅಂದರೆ ಹುಟ್ಟುಗುಣ.

ಈ ಎರಡು ಶಾಸ್ತ್ರಗಳು ಮುಖಾಮುಖಿಯಾದ ಒಂದು ಮುಖ್ಯ ಜಾಗ ನಮಗೆ ದೂರದ್ದಲ್ಲ, ಸುಮಾರು 100 ಕಿಲೋಮೀಟರ್ ಆಚೆಯ ವಿಜಾಪುರ. ಎರಡನೇ ಇಬ್ರಾಹಿಂ ಆದಿಲ್‌ಶಾಹನ (1580–1627) ಆಸ್ಥಾನದಲ್ಲಿದ್ದ ಫರಿಷ್ತಾ ನಮಗೆಲ್ಲ ಇತಿಹಾಸಕಾರ ಅಂತ ಗೊತ್ತು. ಆತ ಭಾರತೀಯ ವೈದ್ಯದ ಮೇಲೆ ಫಾರ್ಸಿಯಲ್ಲಿ ದಸ್ತೂರ್-ಉಲ್-ಅತಿಬ್ಬಾ ಅನ್ನೋ ಗ್ರಂಥವನ್ನೂ ಬರೆದ. ಸೊಲ್ಲಾಪುರದ ಕೋಟೆ ಆಗ ವಿಜಾಪುರ ಮತ್ತು ಅಹಮದನಗರದ ನಡುವೆ ಕೈ ಬದಲಾಯಿಸುತ್ತಿತ್ತು. ಚಾಂದ್ ಬೀಬಿಯ ಮದುವೆಯಲ್ಲಿ ಅದನ್ನು ವರದಕ್ಷಿಣೆಯಾಗಿಯೂ ಕೊಟ್ಟರು. ಕೋಟೆಯ ಜೊತೆ ಭಾಷೆಯೂ ಕೈ ಬದಲಾಯಿಸ್ತು ಅನ್ನಬಹುದು. ಮೂರೋ ನಾಲ್ಕೋ ಅನ್ನೋದು ಅಷ್ಟು ದೊಡ್ಡ ಜಗಳವಲ್ಲ. ಸುಶ್ರುತ ಕೂಡ ಒಂದು ಕಡೆ ವಾತ ಪಿತ್ತ ಕಫಗಳ ಸಾಲಿನಲ್ಲಿ ರಕ್ತವನ್ನು ತಂದು ನಿಲ್ಲಿಸ್ತಾನೆ.

ಈಗ ಪದಗಳ ಬದುಕು ನೋಡಿ. ಪ್ರಕೃತಿ ಅಂದರೆ ಹುಟ್ಟುಗುಣ, ತಬೀಅತ್ ಅಂದರೂ ಹುಟ್ಟುಗುಣ. ಎರಡೂ ಬೇರೆ ಬೇರೆ ದಾರಿಯಿಂದ ಬಂದು, ಮರಾಠಿಯ ಪಕ್ಕದಲ್ಲಿ ಕೂತು, ನಮ್ಮಲ್ಲಿ "ಆರೋಗ್ಯ" ಅನ್ನೋ ಒಂದೇ ಅರ್ಥಕ್ಕೆ ಬಂದು ನಿಂತವು. ಹದವಾದ ಬೆರಕೆ ಅಂತಿದ್ದ ಮಿಜಾಜು ಹದ ತಪ್ಪಿದ ಜಂಬಕ್ಕೆ ಹೆಸರಾಯ್ತು. ಪಿತ್ತವಂತೂ ಇನ್ನೂ ಮುಂದೆ ಹೋಯ್ತು. ಹೊಟ್ಟೆ ಉರಿದರೆ "ಪಿತ್ತ ಆಗ್ಯಾದ", ಮೈಮೇಲೆ ಗಂಧೆ ಎದ್ದರೆ ಪಿತ್ತ, ಸಿಟ್ಟು ಬಂದರೆ "ಪಿತ್ತ ನೆತ್ತಿಗೇರ್ಯಾದ".

ಉಪಯೋಗ ಇಲ್ಲ ಅಂತ ನಾನು ಹೇಳ್ತಿಲ್ಲ. ಸಂಕ್ರಾಂತಿಗೆ ಸಿದ್ಧರಾಮೇಶ್ವರರ ಗಡ್ಡದ ಜಾತ್ರೆ, ನಂದಿಧ್ವಜಗಳ ಮೆರವಣಿಗೆ. ಭೋಗಿ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಚಳಿಗಾಲಕ್ಕೆ ಎಳ್ಳು ಬೆಲ್ಲದ ಬಿಸಿ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಮಜ್ಜಿಗೆ. ಶೇಂಗಾ ಹಿಂಡಿ ಅತಿಯಾದರೆ ಅವ್ವ ತಡೀತಾಳೆ. ಇದು ಋತುಚರ್ಯೆಯ ಮನೆಪಾಠ. ಯಾರಿಗೂ ನೋವಿಲ್ಲ. ನೋವು ಶುರುವಾಗೋದು ಊಟಕ್ಕೆ ಹಚ್ಚೋ ಲೆಕ್ಕವನ್ನು ಮನುಷ್ಯರಿಗೆ ಹಚ್ಚಿದಾಗ.

ಇದು ನನಗೆ ತಿಳಿದದ್ದು ನಮ್ಮ ಮನೆಯಲ್ಲೇ. ನಮ್ಮ ಅಕ್ಕನಿಗೆ 24ರ ಹೊತ್ತಿಗೆ ಸೆಕೆ ತಡೆಯದಾಯ್ತು. ಉಣ್ಣೋದು ಹೆಚ್ಚು, ಮೈ ಮಾತ್ರ ಇಳೀತಾ ಹೋಯ್ತು. ಸಣ್ಣ ಮಾತಿಗೂ ರೇಗೋಳು. ನಾವು ಅಜ್ಜಿಗೆ ಆಯಿ ಅಂತೀವಿ. ಆಯಿ ಅಂದಳು: "ಅಕಿ ಪ್ರಕೃತಿನೇ ಪಿತ್ತಿಂದು, ಅಕಿ ಅಜ್ಜನಂಗ." ಎಲ್ಲರೂ ಒಪ್ಪಿದೆವು, ನಾನೂ ಒಪ್ಪಿದೆ. ಗುಲ್ಕಂದ ತಂದೆವು, ಸಬ್ಜಾ ಬೀಜ ನೆನೆ ಹಾಕಿದೆವು. ನೋಡಲಿಕ್ಕೆ ಬಂದ ಗಂಡಿನ ಕಡೆಯವರಿಗೂ ಆ ಮಾತು ಮುಟ್ಟಿತು. "ಹುಡುಗಿ ಸ್ವಭಾವ ಬಿಸಿ ಅಂತ" ಅಂದು ಅವರು ತಿರುಗಿ ಬರಲಿಲ್ಲ. ಒಂದೂವರೆ ವರ್ಷದ ಮೇಲೆ ಕೈ ನಡುಗೋದು ನೋಡಿ ದವಾಖಾನೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆ ಮಾಡಿದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡ್ತಿತ್ತು. ಗುಳಿಗೆ ಶುರುವಾದ ಮೇಲೆ ಕೆಲವು ತಿಂಗಳಲ್ಲಿ ಅಕ್ಕ ಮತ್ತ ಮೊದಲಿನ ಅಕ್ಕ ಆದಳು. ಅವಳು ಒಂದೇ ಮಾತು ಕೇಳಿದಳು: "ನಾ ಮೊದಲ ಹಂಗಿರಲಿಲ್ಲ ಅಂತ ಒಬ್ಬರಿಗೂ ನೆಪ್ಪಾಗಲಿಲ್ಲೇನೋ?"

ಶಾಸ್ತ್ರ ಕೇಳೋದೂ ಇದೇ ಪ್ರಶ್ನೆ. ಪ್ರಕೃತಿ ಬದಲಾಗೋದಿಲ್ಲ ಅನ್ನೋದಾದರೆ 24ಕ್ಕೆ ಬದಲಾದದ್ದು ಪ್ರಕೃತಿ ಆಗಲಾರದು. ಅದು ವಿಕೃತಿ, ನೋಡಬೇಕಾದ ರೋಗ. ಇವತ್ತಿನ ವೈದ್ಯಕ್ಕೆ ದೋಷಗಳ ಲೆಕ್ಕ ಬೇಕಿಲ್ಲ, ಅಕ್ಕನಿಗೆ ಗುಣ ಆದದ್ದು ರಕ್ತ ಪರೀಕ್ಷೆಯಿಂದ, ಗುಳಿಗೆಯಿಂದ. ಆದರೆ ಆ ಹಳೆಯ ಶಾಸ್ತ್ರವನ್ನೇ ನೆಟ್ಟಗೆ ಓದಿದ್ದರೂ ನಾವು ಒಂದೂವರೆ ವರ್ಷ ಕಾಯ್ತಿರಲಿಲ್ಲ. ಎರಡು ಪದಗಳಲ್ಲಿ ಪ್ರಕೃತಿಯನ್ನು ಉಳಿಸಿಕೊಂಡು ವಿಕೃತಿಯನ್ನು ಮರೆತದ್ದು ನಮ್ಮ ತಪ್ಪು. ವಿಕೃತಿ ಅನ್ನೋದು ನಮ್ಮ ಮಾತಲ್ಲಿ ಈಗ ಹೊಲಸು ಮನಸ್ಸಿಗೆ ಮಾತ್ರ ಹೆಸರು.

ಕೊನೆಗೆ ವಚನಗಳ ಕಡೆ ಬರ್ತೀನಿ. ವೈದ್ಯ ಸಂಗಣ್ಣ 12ನೇ ಶತಮಾನದ ಶರಣ, ವೃತ್ತಿಯಿಂದ ವೈದ್ಯ. ಅವನ ಅಂಕಿತದಲ್ಲೇ ಸಿದ್ಧರಾಮೇಶ್ವರರ ಹೆಸರಿದೆ. ರೋಗ, ಔಷಧದ ಪರಿಭಾಷೆಯನ್ನು ಭಕ್ತಿಯ ವಿಚಾರಕ್ಕೆ ಬಳಸಿಕೊಂಡವನು. ಶರಣರು ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟೋದನ್ನು ಒಪ್ಪಲಿಲ್ಲ, ನಡೆಯಿಂದ ಕಟ್ಟಿದರು. ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ್ದೂ ಅಂಥ ನಡೆಯೇ. ಹುಟ್ಟಿನ ಕುಲ ಹಣೆಬರಹ ಅಲ್ಲ ಅನ್ನೋದಾದರೆ ಹುಟ್ಟಿನ ಪಿತ್ತವೂ ಹಣೆಬರಹ ಅಲ್ಲ. ಈ ಎರಡನೆಯದು ಅವರು ಹೇಳಿದ್ದಲ್ಲ, ನಾನು ಮುಂದುವರಿಸಿಕೊಂಡ ತರ್ಕ. ಚರ್ಚೆಯಲ್ಲಿ ಇದನ್ನು ನೀವು ಪ್ರಶ್ನಿಸಬಹುದು.

ಈಗ ಮೊಬೈಲಿನಲ್ಲಿ ಹತ್ತು ಪ್ರಶ್ನೆ ಕೇಳಿ ನಮ್ಮ ದೋಷ ಯಾವುದು ಅಂತ ಹೇಳೋ ಆಟಗಳು ಬಂದಿವೆ. ಆಡಿ, ತಪ್ಪಿಲ್ಲ. ಆದರೆ ಯಾರಾದರೂ "ಪ್ರಕೃತಿ ಹೆಂಗದರಿ?" ಅಂತ ಕೇಳಿದಾಗ ಅದು ಉತ್ತರಕ್ಕೆ ಕಾಯೋ ಪ್ರಶ್ನೆ ಅನ್ನೋದು ನೆನಪಿರಲಿ. ನಾವು ಅಕ್ಕನನ್ನು ಆ ಪ್ರಶ್ನೆ ಕೇಳಲೇ ಇಲ್ಲ, ಉತ್ತರ ನಾವೇ ಕೊಟ್ಟೆವು. ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ.