ತಿನ್ಲಿಕ್ಕೇ ಇಟ್ಟ ಸತು

ಹಗರೆಯಲ್ಲಿ ಬೆಳೆದ ನನಗೆ ನೀರು ಅಂದ್ರೆ ಕೆರೆ, ಹೆಚ್ಚೆಂದರೆ ಬೇಲೂರಿನ ಯಗಚಿ ಜಲಾಶಯ. ದೋಣಿಯ ಎಂಜಿನ್ನಿಗೆ ನೀರೇ ಶತ್ರು ಅನ್ನೋದು ಗೊತ್ತಾಗಿದ್ದು ಮಲ್ಪೆಯಲ್ಲಿ. ದಡಕ್ಕೆಳೆದ ನಾಡದೋಣಿಯೊಂದರ ಔಟ್‌ಬೋರ್ಡ್ ಎಂಜಿನ್ನಿನಲ್ಲಿ, ಪ್ರೊಪೆಲ್ಲರ್ ಪಕ್ಕ, ಇಲಿ ಕಡಿದಂಥ ಒಂದು ಬೂದು ಲೋಹದ ತುಂಡಿತ್ತು. "ಇದಕ್ಕೊಂದು ಪೇಂಟ್ ಆದ್ರೂ ಹೊಡೀಬಾರದಾ?" ಅಂದೆ. ಬಲೆ ಸರಿಮಾಡುತ್ತಿದ್ದ ಹಿರಿಯರು ನಕ್ಕರು. "ಅದು ತಿನ್ಲಿಕ್ಕೇ ಇಟ್ಟದ್ದು ಮಾರಾಯ್ರೆ. ಪೇಂಟ್ ಹೊಡೆದ್ರೆ ಸಮುದ್ರ ಎಂಜಿನ್ನನ್ನೇ ತಿಂತದೆ."

ಈ ಉಪಾಯಕ್ಕೆ ಇನ್ನೂರು ವರ್ಷ ವಯಸ್ಸು. ಮರ ಕೊರೆಯುವ ಹುಳುವಿನ ಕಾಟಕ್ಕೆ ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಎರಡು ವರ್ಷ ಬಿಟ್ಟು ನೋಡಿದರೆ ತಾಮ್ರ ಗಟ್ಟಿಯಾಗಿತ್ತು, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳೇ ಕರಗಿದ್ದವು! ಉಪ್ಪುನೀರಿನಲ್ಲಿ ಎರಡು ಲೋಹ ತಾಗಿಕೊಂಡರೆ ಅದೊಂದು ಬ್ಯಾಟರಿ. ಹೆಚ್ಚು ಚುರುಕಾದ ಲೋಹ ಸವೆಯುತ್ತೆ, ಇನ್ನೊಂದು ಉಳಿಯುತ್ತೆ. ಆದರೆ ವೋಲ್ಟಾ ತನ್ನ ಬ್ಯಾಟರಿ ಮಾಡಿದ್ದೇ 1800ರಲ್ಲಿ. ಪಾಪ, ಆ ಬಡಗಿಗಳಿಗೆ ಹೇಗೆ ಗೊತ್ತಾಗಬೇಕು?

ಗಣಿ ದೀಪದ ಖ್ಯಾತಿಯ ಹಂಫ್ರಿ ಡೇವಿ 1824ರಲ್ಲಿ ಇದನ್ನೇ ತಿರುಗಿಸಿ ಬಳಸಿದ. ತಾಮ್ರವೂ ನಿಧಾನಕ್ಕೆ ಸವೀತಿತ್ತಲ್ಲ, ಅದಕ್ಕೆ ಸತು ಅಥವಾ ಕಬ್ಬಿಣದ ತುಂಡು ತಾಗಿಸಿದ. ತುಂಡು ಸವೆಯಿತು, ತಾಮ್ರ ಉಳಿಯಿತು. ಆದರೆ ಎಡವಟ್ಟಾಯಿತು. ಕರಗುವ ತಾಮ್ರದ ವಿಷವೇ ಚಿಪ್ಪುಜೀವಿ, ಪಾಚಿಗಳನ್ನು ದೂರ ಇಡುತ್ತಿದ್ದದ್ದು. ಕರಗುವುದು ನಿಂತ ಮೇಲೆ ಹಡಗಿನ ತಳದಲ್ಲಿ ಅವು ದಟ್ಟವಾಗಿ ಬೆಳೆದು ವೇಗ ಕುಸಿಯಿತು. ನೌಕಾಪಡೆ ಕೈಬಿಟ್ಟಿತು, ಡೇವಿ ನಗೆಪಾಟಲಾದ. 1829ರಲ್ಲಿ ತೀರಿಕೊಂಡ. ವಿಜ್ಞಾನ ಸರಿಯಿದ್ದೂ ಸೋತವನು ಅಂತ ನನಗೆ ಅವನ ಮೇಲೆ ಸ್ವಲ್ಪ ಮಮತೆ.

ಔಟ್‌ಬೋರ್ಡಿನಲ್ಲಿ ಅವನೇ ಗೆದ್ದಿದ್ದಾನೆ. ಮೈ ಅಲ್ಯೂಮಿನಿಯಂ, ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲ್. ಸತು ಇಲ್ಲದಿದ್ದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಅರ್ಧ ಸವೆದಾಗ ತುಂಡು ಬದಲಿಸಬೇಕು. ತಮಾಷೆ ಅಂದ್ರೆ ಇದೇ ಸತುವನ್ನು ನಮ್ಮ ಯಗಚಿಯ ಸಿಹಿನೀರಿಗೆ ತಂದರೆ ಮೇಲೊಂದು ಪೊರೆ ಕಟ್ಟಿ ಸುಮ್ಮನಾಗುತ್ತೆ, ಅಲ್ಲಿಗೆ ಮೆಗ್ನೀಸಿಯಂ ಬೇಕು.

ಸತು ಕಾಯೋದು ಹೊರಮೈಯನ್ನು. ಒಳಗೆ? ಎಂಜಿನ್ ತಣ್ಣಗಾಗುವುದೇ ಸಮುದ್ರದ ನೀರು ಹೀರಿ. ನಿಲ್ಲಿಸಿದ ಮೇಲೆ ಒಳಗೆ ಉಳಿದ ನೀರು ಆರಿ ಉಪ್ಪುಗಟ್ಟುತ್ತೆ, ದಾರಿ ಕಟ್ಟಿಕೊಳ್ಳುತ್ತೆ. ಆಮೇಲೊಂದು ದಿನ ಬಲೆ ಬಿಟ್ಟಿರುವಾಗ ನಡುಗಡಲಲ್ಲಿ ಎಂಜಿನ್ ಕಾದು ನಿಂತರೆ ಗತಿ ಏನು?

ಆ ಹಿರಿಯರು ಬಲೆ ಬದಿಗಿಟ್ಟು ಡ್ರಮ್ಮಿಗೆ ಬಾವಿ ನೀರು ತುಂಬಿಸಿದರು. ಎಂಜಿನ್ನಿನ ಕಾಲನ್ನು ಅದರಲ್ಲಿ ಅದ್ದಿ, ಹತ್ತು ನಿಮಿಷ ಓಡಿಸಿದರು.